ಕೊಡಲಿ ಮೊಂಡು ಮಾಡುವವಳು

ನಮ್ಮ ಸಾಂತಾ ರೂಫಿನಾ ಕೇರಿಯಲ್ಲಿ ಚಾಕು, ಕತ್ತರಿ, ಕುಡುಗೋಲು ಏನೇ ಮೊಂಡಾಗಲಿ, ಗುರುವಾರದವರೆಗೆ ಕಾಯಬೇಕು. ಗುರುವಾರ ಬೆಳಿಗ್ಗೆ ಫ್ಲೋರಿಪೆಸ್ ಯೌರಿ ಗುಡ್ಡದ ಮೇಲೆ ಕಲ್ಲುಗಣಿಯ ಪಕ್ಕದಲ್ಲಿರುವ ತನ್ನ ಮನೆಯಿಂದ ಸಾಣೆಯ ಗಾಡಿ ತಳ್ಳಿಕೊಂಡು ಇಳಿಯುತ್ತಾಳೆ. ಗಾಡಿಗೆ ಒಂದೇ ಚಕ್ರ. ನಿಲ್ಲಿಸಿ ಕಾಲಿನಲ್ಲಿ ತುಳಿದರೆ ಅದೇ ಚಕ್ರ ಸಾಣೆಕಲ್ಲನ್ನು ತಿರುಗಿಸುತ್ತದೆ. ಬಾಯಲ್ಲಿ ಒಂದು ಬಿದಿರಿನ ಪೀಪಿ. ಅದರ ಸದ್ದು ಕೇಳಿದ ಕೂಡಲೇ ನಾಯಿಗಳು ಬೊಗಳುತ್ತವೆ, ಮನೆಮನೆಯಿಂದ ಹೆಂಗಸರು ಕೈಯಲ್ಲಿ ಚಾಕು ಹಿಡಿದು ಬೀದಿಗೆ ಓಡಿ ಬರುತ್ತಾರೆ. ಹೊಸಬರು ಯಾರಾದರೂ ಆ ಹೊತ್ತಿಗೆ ಬಸ್ಸಿನಿಂದ ಇಳಿದರೆ ಮತ್ತೆ ಅದೇ ಬಸ್ಸು ಹತ್ತಬೇಕು, ಹಾಗಿರುತ್ತದೆ ನೋಟ.

ಅವಳಿಗೆ ಅರವತ್ತಮೂರು. ಕುಳ್ಳಿ. ಸುಮಾರು ಐವತ್ತು ವರ್ಷ ಚಕ್ರ ತುಳಿದು ತುಳಿದು ಬಲಗಾಲಿನ ಮೀನಖಂಡ ಎಡಗಾಲಿನ ಒಂದೂವರೆಯಷ್ಟಾಗಿದೆ. ಮದುವೆಯಾಗಿಲ್ಲ. ಕೇಳಿದವರಿಗೆ, "ಗಂಡಸ್ರು ತರೋ ಚಾಕು ನೋಡಿದೀನಲ್ಲ, ಸಾಕು," ಎನ್ನುತ್ತಾಳೆ.

ಚಾಕುವಿನಿಂದ ಮನೆಯ ಸುದ್ದಿ ಓದುವುದು ಅವಳ ಇನ್ನೊಂದು ವಿದ್ಯೆ. ಅಲಗನ್ನು ಬೆಳಕಿಗೆ ಹಿಡಿದು, "ಇದು ಎರಡು ತಿಂಗಳಿಂದ ಮಾಂಸದ ಮುಖ ನೋಡಿಲ್ಲ," ಎನ್ನುತ್ತಾಳೆ. ಚಾಕುವಿನ ಒಡತಿ ಕೆಂಪಾಗುತ್ತಾಳೆ. ಒಮ್ಮೆ ನನ್ನ ಹೆಂಡತಿ ಎದೆಲ್ಮಿರಾ ಬಟ್ಟೆ ಕತ್ತರಿಸುವ ಕತ್ತರಿ ಕೊಟ್ಟಾಗ ಅದನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಯಾರೋ ತಂತಿ ಕತ್ತರಿಸಿದಾರೆ. ನೀವೇ ಅಲ್ವಾ, ಕೊಂಪಾದ್ರೆ?" ಎಂದಳು. ನಾನೇ. ಒಲೆಯ ಹಿಂದೆ ಹೋಗಿ ಅಡಗಿದೆ.

ನಾನು ಅಪಾರಿಸಿಯೊ, ಕೇರಿಯ ಬ್ರೆಡ್ ಒಲೆಯವನು. ನನ್ನ ಮಗಳ ದೀಕ್ಷಾಸ್ನಾನದಲ್ಲಿ ಮಗುವನ್ನು ಕೈಯಲ್ಲಿ ಹಿಡಿದವಳು ಫ್ಲೋರಿಪೆಸ್. ಹಾಗಾಗಿ ನಾನು ಅವಳಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ಈ ನಂಟಿನವರು ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಬೈಯಬಹುದು, ಆದರೆ ಮರ್ಯಾದೆಯಿಂದ 'ನೀವು' ಎಂದೇ ಬೈಯಬೇಕು. ಇಲ್ಲಿ ನಾನು 'ಅವಳು' ಎಂದು ಬರೆಯುತ್ತಿರುವುದು ಅವಳ ಕಿವಿಗೆ ಬೀಳದಿದ್ದರೆ ಸಾಕು.

ಇಂಥವಳ ಕೆಲಸ ಫೆಬ್ರುವರಿಯಲ್ಲಿ ಒಂದು ದಿನ ಮಾತ್ರ ತಲೆಕೆಳಗಾಗುತ್ತದೆ.

ಕಾರ್ನಿವಲ್ ಕಳೆದ ಮೊದಲ ಭಾನುವಾರ ನಮ್ಮ ಬಯಲಿನಲ್ಲಿ ಒಂದು ನೀಲಗಿರಿ ಮರವನ್ನು ತಂದು ನೆಡುತ್ತೇವೆ. ಕೊಂಬೆಗಳಿಗೆಲ್ಲ ಕಂಬಳಿ, ಪ್ಲಾಸ್ಟಿಕ್ ಬಕೆಟ್ಟು, ಬೋಗುಣಿ, ಬಲೂನು, ಬಣ್ಣದ ಕಾಗದ. ಮರ ಬಿದ್ದಾಗ ಯಾರ ಕೈಗೆ ಏನು ಸಿಕ್ಕಿತೋ ಅದು ಅವರದ್ದು. ಸುತ್ತಲೂ ಜೋಡಿಗಳು ಕೈಹಿಡಿದು ಕುಣಿಯಬೇಕು. ಸರದಿ ಬಂದ ಜೋಡಿ ನಡುವೆ ಹೋಗಿ ಗಂಡಸು ಮೂರು ಏಟು, ಹೆಂಗಸು ಮೂರು ಏಟು ಕೊಡಲಿ ಹಾಕಿ, ಮುಂದಿನ ಜೋಡಿಗೆ ಕೊಟ್ಟು ಬರಬೇಕು. ಯಾರ ಏಟಿಗೆ ಮರ ಬೀಳುತ್ತದೋ ಆ ಜೋಡಿ ಮುಂದಿನ ವರ್ಷದ ಹಬ್ಬಕ್ಕೆ ಯಜಮಾನ, ಯಜಮಾನಿ. ಮರದ ಖರ್ಚು ಅವರದ್ದು, ಬ್ಯಾಂಡು ಅವರದ್ದು, ಊಟ ಅವರದ್ದು, ಬಿಯರ್ ಅವರದ್ದು. ಅದು ಬಹಳ ದೊಡ್ಡ ಗೌರವ. ಎಲ್ಲರೂ ಹಾಗೇ ಹೇಳುತ್ತಾರೆ, ಮತ್ತು ಮರ ಸ್ವಲ್ಪ ವಾಲಿದ ಕೂಡಲೇ ಎಲ್ಲರಿಗೂ ರಟ್ಟೆ ನೋವು ಶುರುವಾಗುತ್ತದೆ.

ನಾನೇ ಇಪ್ಪತ್ತೆರಡು ವರ್ಷ ತಪ್ಪಿಸಿಕೊಂಡು ಬಂದಿದ್ದೆ. ಅದಕ್ಕೊಂದು ವರಸೆ ಇದೆ. ಕೊಡಲಿಯನ್ನು ತಲೆಯ ಮೇಲಕ್ಕೆ ಎತ್ತಿ ದೊಡ್ಡದಾಗಿ ಹೂಂಕರಿಸಬೇಕು. ಇಳಿಸುವಾಗ ಮಣಿಕಟ್ಟು ಒಂಚೂರು ತಿರುಗಿಸಿದರೆ ಅಲಗು ಮರದ ತೊಗಟೆಯನ್ನು ಸವರಿ ಹೋಗುತ್ತದೆ. ನೋಡಿದವರು ಆಹಾ ಎನ್ನುತ್ತಾರೆ, ಮರಕ್ಕೆ ಏನೂ ಆಗಿರುವುದಿಲ್ಲ.

ಮರ ಬಿದ್ದರೆ ಹಬ್ಬ ಮುಗಿಯಿತು. ಆದ್ದರಿಂದ ಅದು ಸಂಜೆಗೆ ಮುಂಚೆ ಬೀಳಬಾರದು, ಆದ್ದರಿಂದ ಕೊಡಲಿ ಚೂಪಾಗಿರಬಾರದು. ಹಾಗೆಂದು ತೀರಾ ಮೊಂಡಾದರೆ ಜನಕ್ಕೆ ಬೇಜಾರು. ಇದರ ಹದ ಗೊತ್ತಿದ್ದದ್ದು ಫ್ಲೋರಿಪೆಸ್‌ಗೆ ಒಬ್ಬಳಿಗೇ. ಅವಳ ಅಳತೆ ಸರಳ: ಕೊಡಲಿ ಬೇಯಿಸಿದ ಆಲೂಗಡ್ಡೆಯನ್ನು ಕತ್ತರಿಸಬೇಕು, ಹಸಿ ಆಲೂಗಡ್ಡೆಗೆ ಸೋಲಬೇಕು. ಎರಡೂ ಅವಳ ಚೀಲದಲ್ಲಿರುತ್ತವೆ. ಪರೀಕ್ಷೆ ಆದ ಮೇಲೆ ಬೇಯಿಸಿದ್ದನ್ನು ಉಪ್ಪು ಹಚ್ಚಿ ತಿಂದುಬಿಡುತ್ತಾಳೆ. ಆಮೇಲೆ ಮಧ್ಯಾಹ್ನವೆಲ್ಲ ಮರದ ಪಕ್ಕ ಒಂದು ಮಣೆ ಹಾಕಿಕೊಂಡು, ಕಲ್ಲು ಮತ್ತು ನೀರಿನ ತಂಬಿಗೆ ಇಟ್ಟುಕೊಂಡು ಕೂರುತ್ತಾಳೆ. ಹೀಗೆ ಮೂವತ್ತೊಂದು ವರ್ಷ, ಯಾರೂ ಒಂದು ಬಿಡಿಗಾಸು ಕೊಟ್ಟದ್ದಿಲ್ಲ, ಅವಳು ಕೇಳಿದ್ದಿಲ್ಲ. ಕುಣಿತ ಮಾತ್ರ ಒಮ್ಮೆಯೂ ಕುಣಿದಿರಲಿಲ್ಲ. ಕೊಡಲಿ ನೋಡಿಕೊಳ್ಳುವವರು ಕುಣಿಯುವಂತಿಲ್ಲ ಎನ್ನುವುದು ಕೇರಿಯ ನಿಯಮ.

ಆ ನಿಯಮ ಬಂದದ್ದೇ ಅವಳಪ್ಪನಿಂದ. ನಲವತ್ತಾರು ವರ್ಷದ ಹಿಂದೆ ಕೊಡಲಿ ನೋಡಿಕೊಳ್ಳುತ್ತಿದ್ದವನು ಅವಳಪ್ಪ ಬೆನಿಗ್ನೊ ಯೌರಿ. ಆಗ ಅವನೂ ಹೆಂಡತಿ ಜೊತೆ ಕುಣಿಯುತ್ತಿದ್ದ. ಆ ವರ್ಷ ಅವನ ಮೂರನೇ ಏಟಿಗೆ ಮರ ಬಿತ್ತು. ತನಗಾಗಿ ಕೊಡಲಿ ಮಸೆದಿದ್ದಾನೆ ಎಂದು ಯಾರೋ ಕೂಗಿದರು. ಹಿರಿಯರು ಸೇರಿ ಯಜಮಾನಿಕೆಯನ್ನು ಅವನಿಂದ ಕಿತ್ತು ಬೇರೆಯವರಿಗೆ ಕೊಟ್ಟರು. ಬೆನಿಗ್ನೊ ಮತ್ತೆ ಬಯಲಿಗೆ ಕಾಲಿಡಲಿಲ್ಲ. ಫ್ಲೋರಿಪೆಸ್‌ಗೆ ಆಗ ಹದಿನೇಳು. ಆ ಮಾತು ಎತ್ತಿದವರ ಮೇಲೆಲ್ಲ ಅವಳು ಜಗಳಕ್ಕೆ ಬಿದ್ದಿದ್ದಾಳೆ. ಒಬ್ಬನ ಚಾಕುವನ್ನು ಅರ್ಧ ಮಾತ್ರ ಮಸೆದು, "ಉಳಿದರ್ಧ ನಮ್ಮಪ್ಪನ ಕ್ಷಮೆ ಕೇಳಿದ್ಮೇಲೆ," ಎಂದು ಹಿಂದಕ್ಕೆ ಕಳಿಸಿದ್ದಳು. ಯೌರಿ ಮನೆಯವರನ್ನು ಕೊಡಲಿಯ ವಿಷಯದಲ್ಲಿ ನಂಬಬಹುದು ಎಂದು ತೋರಿಸಲೆಂದೇ ಆಮೇಲೆ ಆ ಕೆಲಸವನ್ನು ತಾನಾಗಿ ಕೇಳಿ ವಹಿಸಿಕೊಂಡಳು.

ಹೋದ ವರ್ಷ ಜನವರಿಯಲ್ಲಿ ಚರ್ಚಿನ ಜಗಲಿಯಲ್ಲಿ ಹಬ್ಬದ ಸಭೆ ಸೇರಿತ್ತು. ಆ ವರ್ಷದ ಯಜಮಾನ ದೋನ್ ಗ್ಲಿಸೆರಿಯೊ, ಕಬ್ಬಿಣದ ಸಾಮಾನಿನ ಅಂಗಡಿಯವನು. ನಮ್ಮಲ್ಲಿ ಮರ್ಯಾದೆಗೆ ಗಂಡಸರನ್ನು ದೋನ್, ಹೆಂಗಸರನ್ನು ದೊನ್ಯಾ ಎನ್ನುತ್ತೇವೆ. ಹಿಂದಿನ ವರ್ಷ ಕಾಲು ಜಾರಿ ಕೊಡಲಿಯ ಸಮೇತ ಮರಕ್ಕೆ ಬಡಿದು ಅದನ್ನು ಬೀಳಿಸಿದ್ದ. ಯಾರ್‍ಯಾರು ಯಾವ ಕೆಲಸಕ್ಕೆ ನಿಲ್ಲುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದ. ಗುಂಡಿ ತೋಡುವವರು, ಬಕೆಟ್ಟು ಕಟ್ಟುವವರು, ಬಲೂನು ಊದುವುದಕ್ಕೆ ನಾನು. ಕೊಡಲಿಯ ಮುಂದೆ ಕೇಳದೆಯೇ ಫ್ಲೋರಿಪೆಸ್ ಎಂದು ಬರೆದ.

"ಅದನ್ನ ಅಳಿಸಿ, ದೋನ್ ಗ್ಲಿಸೆರಿಯೊ," ಎಂದಳು ಫ್ಲೋರಿಪೆಸ್.

"ಯಾಕೆ ದೊನ್ಯಾ, ಕೈ ನೋವಾ?"

"ಕೈಗೇನಾಗಿದೆ? ಚೆನ್ನಾಗೇ ಇದೆ. ಈ ಸಲ ನಾನು ಕುಣೀತೀನಿ."

ಗ್ಲಿಸೆರಿಯೊ ಪೆನ್ನಿನ ಮುಚ್ಚಳ ಹಾಕಿದ.

"ಕುಣಿದ್ರೆ ಕೊಡಲೀನೂ ಹಾಕ್ಬೇಕಾಗತ್ತೆ," ಎಂದ ಗ್ಲಿಸೆರಿಯೊ.

"ಹಾಕೋಕೇ ಬರ್ತಿರೋದು. ಬೀಳಿಸ್ತೀನಿ ಕೂಡ."

"ಮರಾನಾ?"

"ಅಡ್ಡ ಬಂದ್ರೆ ನಿಮ್ಮನ್ನೂ."

ಜನ ನಕ್ಕರು. ಅವಳು ನಗಲಿಲ್ಲ. "ನೋಡಿ, ಹಬ್ಬದ ದಿನ ಬೆಳಿಗ್ಗೆ ಬ್ಯಾಂಡು ಯಜಮಾನಿ ಮನೆ ಬಾಗ್ಲಿಗೆ ಬರತ್ತೆ. ಅವ್ಳು ಹೊಸ್ತಿಲು ದಾಟಿ ಮುಂದೆ ನಡೀತಾಳೆ, ಬ್ಯಾಂಡು ಹಿಂದೆ, ಊರೆಲ್ಲ ಅದ್ರ ಹಿಂದೆ. ಇಷ್ಟು ವರ್ಷ ಕೆಳಗೆ ನಿಂತು ನೋಡಿದೀನಿ. ನಮ್ಮ ಗುಡ್ಡಕ್ಕೆ ಹತ್ತಿ ಬಂದಿರೋ ಸಂಗೀತ ಅಂದ್ರೆ ಕತ್ತೆದು ಮಾತ್ರ. ಒಂದ್ಸಲ, ನಾನು ಸಾಯೋದ್ರೊಳಗೆ, ಬ್ಯಾಂಡು ನನ್ನ ಬಾಗ್ಲಿಗೆ ಬರ್ಬೇಕು."

"ಖರ್ಚಿಗೇನ್ಮಾಡ್ತೀರಿ?"

"ಊರಲ್ಲಿ ನನ್ನ ಕಲ್ಲು ಮುಟ್ಟದ ಚಾಕು ಒಂದಿದ್ರೆ ತೋರಿಸಿ. ಕುರಿ ಕೊಯ್ಯೋರು, ಎಲೆಕೋಸು ಹೆಚ್ಚೋರು ತಾವಾಗೇ ಬರ್ತಾರೆ. ನೀವೂ ಬರ್ತೀರಿ."

ಗ್ಲಿಸೆರಿಯೊ ತಲೆ ಕೆರೆದುಕೊಂಡ. "ಸರಿ, ಆದ್ರೆ ಜೋಡಿ ಬೇಕಲ್ಲ ನಿಮ್ಗೆ?"

ಆಗ ನನ್ನ ಹೆಂಡತಿ ಬಾಯಿ ಹಾಕಿದಳು. "ನಂಗಂತೂ ಮಂಡಿ ನೋವು, ಈ ಸಲ ಕುಣಿಯೋಕಾಗಲ್ಲ. ನಮ್ಮನೆಯವ್ರನ್ನ ಕರ್ಕೊಂಡು ಹೋಗಿ ಅಕ್ಕ. ಸಂಜೆ ವಾಪಸ್ ಕೊಟ್ರೆ ಸಾಕು. ಕೊಡ್ದಿದ್ರೂ ಪರವಾಗಿಲ್ಲ."

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಜೋಡಿಯೆಂದರೆ ಜೋಡಿ. ಅವಳ ಏಟಿಗೆ ಮರ ಬಿದ್ದರೆ ಯಜಮಾನ ನಾನು. ಇಪ್ಪತ್ತೆರಡು ವರ್ಷದ ನನ್ನ ಸಾಧನೆ ಹೆಂಡತಿಯ ಒಂದು ಮಾತಿನಲ್ಲಿ ನೀರುಪಾಲಾಯಿತು. ಅಂದು ರಾತ್ರಿ ಊಟ ಸೇರಲಿಲ್ಲ.

ಕೊಡಲಿಯ ಕೆಲಸವನ್ನು ಗ್ಲಿಸೆರಿಯೊ ತಾನೇ ಇಟ್ಟುಕೊಂಡ. "ಅದೇನು ಮಹಾ," ಎಂದ.

ಹಬ್ಬದ ದಿನ ಫ್ಲೋರಿಪೆಸ್ ತನ್ನ ತಾಯಿಯ ಕಸೂತಿ ಲಂಗ ಉಟ್ಟು ಬಂದಳು. ಪೆಟ್ಟಿಗೆಯೊಳಗೆ ನಲವತ್ತು ಚಿಲ್ಲರೆ ವರ್ಷ ಮಡಿಸಿಟ್ಟ ಗೆರೆಗಳು ಇನ್ನೂ ಕಾಣುತ್ತಿದ್ದವು. ಹ್ಯಾಟಿಗೆ ಒಂದು ಹೂವು. ಮೊದಲ ಬಾರಿಗೆ ಕೈಯಲ್ಲಿ ಕಲ್ಲಿಲ್ಲದೆ ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಸಾಲಿನಲ್ಲಿ ನಮ್ಮದು ಒಂಬತ್ತನೇ ಜೋಡಿ. "ಕೊಂಪಾದ್ರೆ, ನಿಮ್ಮ ಅಂಗೈ ಇಷ್ಟು ಒದ್ದೆ ಯಾಕಿದೆ?" ಎಂದಳು. ಹಿಟ್ಟು ನಾದುವವರಿಗೆ ಹಾಗೇ ಎಂದೆ.

ಗ್ಲಿಸೆರಿಯೊ ಬಟ್ಟೆ ಸುತ್ತಿದ ಕೊಡಲಿಯನ್ನು ಮಗುವಿನ ಹಾಗೆ ಎತ್ತಿ ತಂದ. ಬಿಚ್ಚಿದ. ಅಂಗಡಿಯ ಹೊಚ್ಚಹೊಸ ಕೊಡಲಿ, ಅಲಗು ಫಳಫಳ ಹೊಳೆಯುತ್ತಿತ್ತು. "ಹಬ್ಬಕ್ಕೆ ಹಳೇ ತುಕ್ಕು ಯಾಕೆ ಅಂತ ಹೊಸದೇ ತಂದೆ!" ಎಂದು ಎದೆಯುಬ್ಬಿಸಿದ. ಜನ ಚಪ್ಪಾಳೆ ತಟ್ಟಿದರು. ಫ್ಲೋರಿಪೆಸ್ ಮಾತ್ರ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಮೊಂಡು ಮಾಡಿದಾನಾ ಅವ್ನು?"

"ಮಾಡಿರ್ತಾನೆ ಬಿಡಿ," ಎಂದೆ.

ಮಾಡಿರಲಿಲ್ಲ. ಜೀವಮಾನವೆಲ್ಲ ಚೂಪು ಕೊಡಲಿ ಮಾರಿದವನಿಗೆ ಅದು ಹೊಳೆದೇ ಇರಲಿಲ್ಲ.

ಮೊದಲ ಜೋಡಿ ಏಟು ಹಾಕಿದಾಗ ಮರದಿಂದ ಅಂಗೈಯಗಲ ಚಕ್ಕೆ ಹಾರಿತು. ಎರಡನೇ ಜೋಡಿ ಹೆದರಿ ಮೆಲ್ಲಗೆ ಮುಟ್ಟಿಸಿದರೂ ಬೆರಳುದ್ದ ಒಳಗೆ ಹೋಯಿತು. ಮೂರನೆಯದು ಹೊಸ ಮೇಷ್ಟ್ರು ನಿಲ್ತನ್ ಮತ್ತು ಅವನ ಹೆಂಡತಿ. ನಿಲ್ತನ್ ಬೆಟ್ಟದಾಚೆಯ ಕಾಡು ಸೀಮೆಯವನು, ಅಪ್ಪನ ಜೊತೆ ಮರ ಕಡಿದೇ ಬೆಳೆದವನು, ಈ ಹಬ್ಬ ಅವನಿಗೆ ಮೊದಲನೆಯದು. ಕೊಡಲಿಯನ್ನು ಕೈಯಲ್ಲಿ ತೂಗಿ ನೋಡಿದ, ಕಾಲು ಅಗಲಿಸಿ ನಿಂತ. ಆ ನಿಲುವು ನೋಡಿಯೇ ನಾನು "ಅಯ್ಯೋ" ಎಂದೆ. ಒಂದು, ಎರಡು, ಮೂರು. ಮರ ಲಟಲಟ ಎಂದು ಬಿಯರ್ ಪೆಟ್ಟಿಗೆಗಳ ಮೇಲೆ ಮಲಗಿತು.

ಆಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕುಣಿತ ಶುರುವಾಗಿ ಹತ್ತೇ ನಿಮಿಷ. ಕುರಿಮಾಂಸ, ಎಲೆಕೋಸು, ಪೀಚ್ ಹಣ್ಣು ಹಾಕಿದ ಪುಚೇರೊ ಇನ್ನೂ ಒಲೆಯ ಮೇಲಿತ್ತು. ಬ್ಯಾಂಡಿನವರು ಕುಣಿತದ ಮೊದಲ ಹಾಡು ಪೂರ್ತಿ ಮಾಡಿರಲಿಲ್ಲ. ನಿಲ್ತನ್ ಕೊಡಲಿ ಎತ್ತಿ ಹಿಡಿದು, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆಂದು ನಗುತ್ತ ನಿಂತಿದ್ದ.

"ಏನ್ ಮೇಷ್ಟ್ರೇ ಇದು!" ಎಂದು ಗ್ಲಿಸೆರಿಯೊ ಹಣೆ ಚಚ್ಚಿಕೊಂಡ.

"ಕಡೀರಿ ಅಂದ್ರಲ್ಲ, ಕಡಿದೆ."

"ಕಡಿಯೋಕೆ ಹೇಳಿದ್ದು, ಬೀಳ್ಸೋಕಲ್ಲ!"

ಮುಂದಿನ ವರ್ಷದ ಯಜಮಾನ ತಾನು ಎಂದು ಯಾರೋ ಕಿವಿಯಲ್ಲಿ ಹೇಳಿದಾಗ ನಿಲ್ತನ್‌ನ ಮುಖ ಬಿಳಿಚಿಕೊಂಡಿತು. ಹೆಂಡತಿ ಹುಲ್ಲಿನ ಮೇಲೆ ಕುಳಿತೇಬಿಟ್ಟಳು. ಇತ್ತ ಹೆಂಗಸರು ಮಕ್ಕಳು ಮರದ ಮೇಲೆ ಮುಗಿಬಿದ್ದು ಬಕೆಟ್ಟು ಕಂಬಳಿ ಕಿತ್ತುಕೊಳ್ಳುತ್ತಿದ್ದರು. ಮಂಡಿ ನೋವಿನ ನನ್ನ ಹೆಂಡತಿ ಅವರೆಲ್ಲರಿಗಿಂತ ಮುಂದಿದ್ದಳು.

ನಾನು ಫ್ಲೋರಿಪೆಸ್‌ಳನ್ನು ನೋಡಿದೆ. ಅವಳು ಬಿದ್ದ ಮರವನ್ನೇ ನೋಡುತ್ತಿದ್ದಳು. ಇನ್ನು ಐದು ಜೋಡಿ ದಾಟಿದ್ದರೆ ಅವಳ ಸರದಿ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಬಿಟ್ಟು, ಹ್ಯಾಟು ತೆಗೆದು ನನಗೆ ಕೊಟ್ಟು ನಡುವೆ ಹೋದಳು.

"ಪುಚೇರೊ ಬಡಿಸೋದ್ರೊಳಗೆ ಬಿದ್ದ ಮರ ಬಿದ್ದ ಹಾಗಲ್ಲ," ಎಂದಳು ಜೋರಾಗಿ.

ಅಂಥ ನಿಯಮವೇ ಇರಲಿಲ್ಲ. ಅವಳು ಆ ಕ್ಷಣದಲ್ಲಿ ಹುಟ್ಟಿಸಿದಳು. ಆದರೆ ಕೇಳಿದವರೆಲ್ಲ ಹೌದು ಹೌದು, ನಮ್ಮಜ್ಜನೂ ಹೇಳುತ್ತಿದ್ದ ಎಂದು ತಲೆಯಾಡಿಸಿದರು.

"ಮೋಟು ಕಿತ್ತು ಹಾಕಿ. ಅದೇ ಗುಂಡೀಲಿ ಮರ ನಿಲ್ಸಿ, ಎರಡು ಮೊಳ ಕಮ್ಮಿಯಾದ್ರೂ ಮರ ಮರಾನೇ. ಬಕೆಟ್ಟು ತಗೊಂಡೋರೆಲ್ಲ ವಾಪಸ್ ಕಟ್ಟಿ. ಊಟ ಹಾಕಿ. ಕೊಡಲಿ ಇಲ್ಲಿ ಕೊಡಿ."

ಗ್ಲಿಸೆರಿಯೊ ಕೊಡಲಿ ಕೊಡಲು ಹೋಗಿ ತಡೆದ. ಕೆಟ್ಟ ಮನುಷ್ಯನಲ್ಲ ಅವನು. "ದೊನ್ಯಾ, ಇದನ್ನ ಉಜ್ಜಿದ್ರೆ..."

"ಗೊತ್ತು. ಕೊಡಿ."

ಮೂವತ್ತೊಂದು ವರ್ಷ ಕಾದವಳು ತನ್ನ ಸರದಿಯನ್ನು ಊರಿನ ಮಧ್ಯಾಹ್ನಕ್ಕಾಗಿ ಹೀಗೆ ಕೊಟ್ಟುಬಿಟ್ಟಳಲ್ಲ ಎನಿಸಿತು. ಜೊತೆಗೆ, ಸುಳ್ಳೇಕೆ ಹೇಳಲಿ, ಯಜಮಾನಿಕೆ ತಪ್ಪಿತು ಎಂದು ಎದೆ ಹಗುರವೂ ಆಯಿತು. ಆ ಹಗುರಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅವಳ ಗಾಡಿ ಗುಡ್ಡದ ಮೇಲೆ ಉಳಿದಿತ್ತು. ಚರ್ಚಿನ ಮೆಟ್ಟಿಲ ಕಲ್ಲಿನ ಮೇಲೇ ಅಲಗನ್ನು ಅಡ್ಡಡ್ಡ ಉಜ್ಜತೊಡಗಿದಳು. ನಾನು ನೀರು ಹೊಯ್ಯುತ್ತಿದ್ದೆ. ಬಯಲಿನ ಕಡೆಯಿಂದ ಬಕೆಟ್ಟಿನ ಜಗಳ ಕೇಳಿಸುತ್ತಿತ್ತು. ಎದೆಲ್ಮಿರಾ ಒಂದು ನೀಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು, ಏಳಲು ಮಂಡಿ ಬರುವುದಿಲ್ಲ ಎನ್ನುತ್ತಿದ್ದಳು.

"ಕೊಂಪಾದ್ರೆ," ಎಂದಳು ಫ್ಲೋರಿಪೆಸ್, ತಲೆ ಎತ್ತದೆ. "ಅಪ್ಪ ಮಸೆದಿದ್ದು ನಿಜ."

ನಾನು ನೀರು ಹೊಯ್ಯುವುದನ್ನು ನಿಲ್ಲಿಸಿದೆ.

"ಬ್ಯಾಂಡು ಬಾಗ್ಲಿಗೆ ಬರ್ಬೇಕು ಅಂತ ಅಮ್ಮಂಗೆ ಆಸೆ ಇತ್ತು. ಅಪ್ಪ ಕೊಡಲೀಲಿ ಒಂದು ಮೂಲೆ ಮಾತ್ರ ಚೂಪು ಮಾಡಿ ಇಟ್ಕೊಂಡಿದ್ರು. ತಮ್ಮ ಸರದೀಲಿ ಆ ಮೂಲೇಲೇ ಹೊಡೆದ್ರು."

"ಮತ್ತೆ ಇಷ್ಟು ವರ್ಷ ಊರವ್ರ ಮೇಲೆಲ್ಲ ಜಗಳ ಆಡಿದ್ರಲ್ಲ ನೀವು?"

"ಅಪ್ಪ ಅಲ್ವಾ. ಆಡ್ದೆ ಇರೋಕಾಗತ್ತಾ?"

ನಾನು ಆಚೆ ಈಚೆ ನೋಡಿ ದನಿ ತಗ್ಗಿಸಿದೆ. "ಹಾಗಾದ್ರೆ ಈಗ ನೀವೂ ಒಂದು ಮೂಲೆ..."

ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ. ಅಭ್ಯಾಸ ಬಲದಿಂದ ಅವಳ ಚೀಲದಲ್ಲಿ ಅಂದೂ ಎರಡು ಆಲೂಗಡ್ಡೆಗಳಿದ್ದವು. ಹಸಿಯದಕ್ಕೆ ಕೊಡಲಿ ಸೋತಿತು. ಬೇಯಿಸಿದ್ದರ ಮೇಲೆ ಇಟ್ಟು ಒತ್ತಿದಳು. ಅದೂ ಕತ್ತರಿಸಲಿಲ್ಲ, ಅಪ್ಪಚ್ಚಿಯಾಯಿತು. ಸಿಟ್ಟಿನಲ್ಲಿ ಹದ ಮೀರಿ ಉಜ್ಜಿಬಿಟ್ಟಿದ್ದಳು. "ಇರಲಿ," ಎಂದು ಎದ್ದಳು. ಅಪ್ಪಚ್ಚಿಯಾದ ಆಲೂಗಡ್ಡೆಯನ್ನು ತಿನ್ನಲಿಲ್ಲ, ಎಲೆಕೋಸಿನ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಊಟವಾಯಿತು, ಮರ ಮತ್ತೆ ನಿಂತಿತು, ಕುಣಿತ ಮತ್ತೆ ಶುರುವಾಯಿತು. ನಾನು ಜೋಡಿಯಿಲ್ಲದವನಾಗಿ ಅವಳ ಮಣೆಯ ಪಕ್ಕ ಹ್ಯಾಟು ಹಿಡಿದು ಕುಳಿತೆ. ಮುಖಕ್ಕೆಲ್ಲ ಪೌಡರು, ಕೊರಳಿಗೆಲ್ಲ ಕಾಗದದ ಸುರುಳಿ, ಗಂಟೆಗಟ್ಟಲೆ ಸ್ಯಾಕ್ಸೊಫೋನು. ಮೂವತ್ತು ಜೋಡಿಗಳು ಮೂರು ಸುತ್ತು ಏಟು ಹಾಕಿದವು. ನಿಲ್ತನ್ ಈಗ ಮರವನ್ನು ತಟ್ಟಿ ಮಲಗಿಸುವವನ ಹಾಗೆ ಹೊಡೆಯುತ್ತಿದ್ದ. ಸಂಜೆ ಐದೂವರೆಗೆ ಬುಡವೆಲ್ಲ ಇಲಿ ಕಡಿದಂತಾಗಿ, ಮರ ತೋಳಿನ ದಪ್ಪದ ತಿರುಳಿನ ಮೇಲೆ ನಿಂತಿತ್ತು. ಎಲ್ಲರಿಗೂ ರಟ್ಟೆ ನೋವು ಬಂದಿತ್ತು. ಫ್ಲೋರಿಪೆಸ್ ಮಣೆಯ ಮೇಲೆ ಕುಳಿತು ನೋಡುತ್ತಿದ್ದಳು. ಅವಳ ತಾಯಿಯ ಲಂಗದ ಅಂಚಿನ ಕೆಳಗೆ ಬಲಗಾಲು ಒಂದೇ ಸಮನೆ ಬ್ಯಾಂಡಿನ ತಾಳಕ್ಕೆ ನೆಲ ತುಳಿಯುತ್ತಿತ್ತು.

ಆ ಕಾಲನ್ನು ಅಷ್ಟು ವರ್ಷ ನಾನು ಹೇಗೆ ನೋಡದೆ ಹೋದೆನೋ ಗೊತ್ತಿಲ್ಲ.

ಎದ್ದೆ. ನಿಲ್ತನ್‌ನ ಕೈಯಿಂದ ಕೊಡಲಿ ತೆಗೆದುಕೊಂಡು ತಂದು ಅವಳ ಮಡಿಲಲ್ಲಿ ಇಟ್ಟೆ. "ಏಳಿ ಕೊಮಾದ್ರೆ. ನಮ್ಮ ಸರದಿ."

"ತಲೆ ಕೆಟ್ಟಿದ್ಯಾ ನಿಮ್ಗೆ?" ಎಂದಳು. ಕೊಡಲಿಯನ್ನು ಮಾತ್ರ ಬಿಡಲಿಲ್ಲ.

ಗ್ಲಿಸೆರಿಯೊ ಓಡಿ ಬಂದ. "ದೋನ್ ಅಪಾರಿಸಿಯೊ, ನಿಯಮ ನಿಯಮಾನೇ. ಕೊಡಲಿ ನೋಡ್ಕೊಂಡೋರು ಕಡಿಯೋ ಹಾಗಿಲ್ಲ. ಮೋಸ ಆಗತ್ತೆ."

ನಾನು ಅವಳ ಚೀಲದಿಂದ ಎಲೆಯ ಪೊಟ್ಟಣ ತೆಗೆದು ಬಿಚ್ಚಿ, ಅಪ್ಪಚ್ಚಿಯಾದ ಆಲೂಗಡ್ಡೆಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. "ನೋಡ್ರಪ್ಪ, ಬೆಂದ ಆಲೂಗಡ್ಡೆ! ಈ ಕೊಡಲೀಲಿ ಇದನ್ನೇ ಕತ್ತರಿಸೋಕೆ ಆಗಿಲ್ಲ. ಇದ್ರಲ್ಲಿ ಮೋಸ ಮಾಡೋಕೆ ಆಗತ್ತೇನ್ರೀ? ಮಸೆದೋರಿಗೆ ಆ ನಿಯಮ. ಇವ್ರು ಮೊಂಡು ಮಾಡಿದೋರು!"

ಬಯಲೆಲ್ಲ ಗೊಳ್ಳೆಂದು ನಕ್ಕಿತು. ಗ್ಲಿಸೆರಿಯೊ ಆಲೂಗಡ್ಡೆಯನ್ನು ನೋಡಿದ, ಗುಡ್ಡದ ಮೇಲೆ ಕವಿಯುತ್ತಿದ್ದ ಮೋಡ ನೋಡಿದ, ತನ್ನ ಹೊಚ್ಚಹೊಸ ಕೊಡಲಿಯ ಗತಿ ನೋಡಿದ. "ಆಯ್ತು," ಎಂದ.

ಬಕೆಟ್ಟಿನ ಮೇಲಿಂದ ಎದೆಲ್ಮಿರಾ ಕೂಗಿದಳು: "ಹೋಗಿ ಹೋಗಿ! ಮುಂದಿನ್ವರ್ಷ ಮರ ಹೊರೋಕೆ ಈಗ್ಲಿಂದ್ಲೇ ಬೆನ್ನು ಗಟ್ಟಿ ಮಾಡ್ಕೊಳ್ಳಿ!"

ಮೊದಲ ಮೂರು ಏಟು ನನ್ನದು. ಈ ಸಲ ಮಣಿಕಟ್ಟು ತಿರುಗಿಸಲಿಲ್ಲ. ಏನೂ ಆಗಲಿಲ್ಲ, ಕೈ ಜುಮ್ಮೆಂದಿತು ಅಷ್ಟೆ. ಆಮೇಲೆ ಅವಳು. ಒಂದು, ಎರಡು, ಮೂರು. ಮರ ಅಲುಗಿತು, ಬೀಳಲಿಲ್ಲ.

ಈಗ ಮುಂದಿನ ಜೋಡಿ ಬಂದು ಕೊಡಲಿ ತೆಗೆದುಕೊಳ್ಳಬೇಕಿತ್ತು. ಮುಂದಿನ ಜೋಡಿಯವನು ಶೂ ದಾರ ಕಟ್ಟಿಕೊಳ್ಳಲು ಬಗ್ಗಿದ. ಅದರ ಮುಂದಿನವಳಿಗೆ ಕೆಮ್ಮು ಬಂತು. ಅದರ ಮುಂದಿನವರು ಬೆನ್ನು ತಿರುಗಿಸಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಮೂವತ್ತು ಜೋಡಿಯಲ್ಲಿ ಒಂದೂ ಮುಂದೆ ಬರಲಿಲ್ಲ. ಊರಿಗೆ ಅವಳ ಮೇಲಿದ್ದ ಪ್ರೀತಿ ಅದು ಎಂದು ಬರೆಯಲು ನನಗೆ ಇಷ್ಟ. ಅರ್ಧ ಪ್ರೀತಿ, ಅರ್ಧ ಯಜಮಾನಿಕೆಯ ಭಯ ಎಂದು ಬರೆದರೆ ಸರಿಯಾದೀತು.

ಫ್ಲೋರಿಪೆಸ್‌ಗೆ ಅರ್ಥವಾಯಿತು. ಮತ್ತೆ ಎತ್ತಿದಳು. ಹತ್ತು ಏಟು, ಇಪ್ಪತ್ತು ಏಟು. ತಾನೇ ಮಾಡಿದ ಮೊಂಡು ಅವಳನ್ನೇ ಸತಾಯಿಸಿತು. "ಯಾವ ಮುಂಡೇದು ಈ ಕೊಡಲಿ ಉಜ್ಜಿದ್ದು!" ಎಂದು ಏದುಸಿರಿನಲ್ಲಿ ಬೈದಳು, ಜನ ಮತ್ತೆ ನಕ್ಕರು, ಅವಳೂ ನಕ್ಕಳು. ಮಳೆ ಹನಿಯತೊಡಗಿತು. ಬ್ಯಾಂಡಿನವರ ಕೆನ್ನೆ ಕೆಂಪಾಗಿತ್ತು, ಆದರೂ ನಿಲ್ಲಿಸಲಿಲ್ಲ. ನಲವತ್ತು ದಾಟಿದ ಮೇಲೆ ನಾನು ಎಣಿಸುವುದು ಬಿಟ್ಟೆ. ಕೊನೆಗೆ ಒಂದು ಏಟಿಗೆ ಮರ ಕಿರ್ರೆಂದು, ಒಂದು ಕ್ಷಣ ನಿಂತು, ಆಮೇಲೆ ನಿಧಾನವಾಗಿ ಚರ್ಚಿನ ಕಡೆಗೆ ವಾಲಿ ಬಿತ್ತು.

ಊರೆಲ್ಲ ಬಕೆಟ್ಟುಗಳ ಕಡೆಗೆ ಓಡಿತು. ನಿಲ್ತನ್ ಬಂದು ಅವಳ ಎರಡೂ ಕೈ ಹಿಡಿದು ಮುತ್ತಿಟ್ಟ, ಅವನಷ್ಟು ಸಂತೋಷಪಟ್ಟವರು ಅಲ್ಲಿ ಬೇರೆ ಇರಲಿಲ್ಲ. ಸ್ಯಾಕ್ಸೊಫೋನಿನ ಮುದುಕ ಗುಡ್ಡದ ಮೇಲಿನ ಕಲ್ಲುಗಣಿಯ ದಾರಿಯನ್ನು ಒಮ್ಮೆ ನೋಡಿ, "ಅಮ್ಮಾ, ಮುಂದಿನ್ವರ್ಷ ಅಲ್ಲೀವರೆಗೂ ಹತ್ತಬೇಕಾ!" ಎಂದು ನರಳಿ, ವಾದ್ಯವನ್ನು ಚೀಲಕ್ಕೆ ಹಾಕತೊಡಗಿದ. ಹಾರ್ಪಿನವನು ಮಳೆಗೆ ತಾಡಪಾಲು ಎಳೆಯುತ್ತಿದ್ದ.

"ಎಲ್ಲಿಗೆ ಹೊರಟ್ರಿ?" ಎಂದಳು ಫ್ಲೋರಿಪೆಸ್.

"ಮರ ಬಿತ್ತಲ್ಲ ದೊನ್ಯಾ. ಹಬ್ಬ ಮುಗೀತು."

"ನಿಮ್ದು ಮುಗೀತು," ಎಂದಳು. "ಸಾಲಲ್ಲಿ ನಿಂತೆ, ಉಜ್ಜಿದೆ, ಕಡಿದೆ. ನಾನಿನ್ನೂ ಒಂದು ಹೆಜ್ಜೆ ಕುಣಿದಿಲ್ಲ."

ಮುದುಕ ಅವಳನ್ನು ನೋಡಿದ. ಚೀಲ ಬಿಚ್ಚಿ ವಾದ್ಯ ಹೊರಗೆ ತೆಗೆದ.

ಅವಳು ಕೊಡಲಿಯನ್ನು ಕೆಳಗಿಟ್ಟು ನನ್ನಿಂದ ಹ್ಯಾಟು ತೆಗೆದುಕೊಂಡು ಹಾಕಿಕೊಂಡಳು. ಬಿದ್ದ ಮರದ ಸುತ್ತ, ಮಳೆಯಲ್ಲಿ, ನಾವಿಬ್ಬರೇ. ಅವಳಿಗೆ ಬರುತ್ತಿದ್ದದ್ದು ಒಂದೇ ಹೆಜ್ಜೆ: ಎಡಗಾಲು ಗಟ್ಟಿಯಾಗಿ ಊರುವುದು, ಬಲಗಾಲಿನಲ್ಲಿ ತುಳಿಯುವುದು, ತುಳಿಯುವುದು, ತುಳಿಯುವುದು. ಗುರುವಾರದ ಹೆಜ್ಜೆ ಅದು. ನಾನು ಅವಳ ಕೈ ಹಿಡಿದು ಆ ಕಾಲು ಹೇಳಿದ ಹಾಗೆಯೇ ಸುತ್ತಿದೆ.